ಅಕ್ಕನ ಖಾಲಿ ಡಬ್ಬ

ಎಣ್ಣೆಯ ಬೆಲೆ ಏರಿದಾಗಲೆಲ್ಲ ಪೇಪರಿನಲ್ಲಿ ದೊಡ್ಡವರು ಜಗಳವಾಡುತ್ತಾರೆ. ಬೆಲೆ ತಾನಾಗಿ ಏರಿತೋ, ಯಾರಾದರೂ ಬೇಕೆಂದೇ ಏರಿಸಿದರೋ ಎಂದು. ನಾನು ಓದಿದ್ದು ನಾಲ್ಕನೇ ಕ್ಲಾಸು. ಪ್ರಪಂಚದ ಎಣ್ಣೆಯ ವಿಷಯ ನನಗೆ ತಿಳಿಯದು. ಪೀಣ್ಯದ ಪಕ್ಕದ ಲಗ್ಗೆರೆಯ ಎಣ್ಣೆಯ ವಿಷಯ ಮಾತ್ರ ಚೆನ್ನಾಗಿ ಗೊತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಅಲ್ಲಿ ಸೀಮೆಎಣ್ಣೆಯ ಅಭಾವವನ್ನು ತಯಾರಿಸುತ್ತಿದ್ದವನು ನಾನೇ. ಅದಕ್ಕೆ ಬೇಕಾದ ಸಾಮಾನು ಒಂದು ತುಂಡು ಸೀಮೆಸುಣ್ಣ.

ನಾನು ಸೀಮೆಎಣ್ಣೆ ಅಂಗಡಿಯಲ್ಲಿ ಅಳೆದು ಕೊಡುವ ಕೆಲಸದಲ್ಲಿದ್ದೆ. ಯಜಮಾನರು ಆ ಊರಿನ ಹಳೆಯ ಒಕ್ಕಲು. ಜಮೀನು ಕಾರ್ಖಾನೆಗಳಿಗೆ ಹೋಗಿ, ಕೊಟ್ಟಿಗೆಯೊಂದು ಉಳಿದಿತ್ತು. ಬೆಲೆ ಏರುವ ಸುದ್ದಿ ಬಂದ ದಿನ ಡ್ರಮ್ಮುಗಳೆಲ್ಲ ಆ ಕೊಟ್ಟಿಗೆಯಲ್ಲಿ ರಾಗಿಹುಲ್ಲಿನ ಕೆಳಗೆ ಮಲಗಿದವು. ನಾನು ಹಲಗೆಯ ಮೇಲೆ ದುಂಡಗೆ 'ಸ್ಟಾಕ್ ಇಲ್ಲ' ಎಂದು ಬರೆದೆ. ನಾಲ್ಕು ವರ್ಷದ ವಿದ್ಯೆ ಸಾರ್ಥಕವಾಯಿತು. ಆ ದಿನ ಇಡೀ ಊರಿನಲ್ಲಿ ನಮ್ಮನ್ನು ನಂಬದಿದ್ದದ್ದು ಯಜಮಾನರ ಹಸು ಒಂದೇ. ಆ ಹುಲ್ಲನ್ನು ಅದು ಮೂಸಿ ನೋಡಿ ಬಿಟ್ಟುಬಿಟ್ಟಿತು.

ನನ್ನ ಅಕ್ಕ ಅದೇ ಊರಿನಲ್ಲಿದ್ದಳು. ಭಾವ ದುಡಿಯುತ್ತಿದ್ದ ಕಾರ್ಖಾನೆಗೆ ಬೀಗ ಬಿದ್ದ ಮೇಲೆ, ಪೀಣ್ಯದ ಇನ್ನೊಂದು ಕಾರ್ಖಾನೆಯ ಗೇಟಿನೆದುರು ಹೊಂಗೆಮರದಡಿ ಇಡ್ಲಿ ಮಾರುತ್ತಿದ್ದಳು. ಎರಡು ಪಂಪ್ ಸ್ಟೌವು, ಒಂದು ಹಂಡೆ. ಬೆಳಗಿನ ಪಾಳಿಯವರು ಒಳಗೆ ಹೋಗುವ ಮೊದಲು ಬಿಸಿಬಿಸಿಯಾಗಿ ಸಿಗಬೇಕು. ಎರಡು ದಿನ ಸಿಗದಿದ್ದರೆ ಮರದಡಿಗೆ ಇನ್ನೊಬ್ಬರು ಬಂದು ಕೂರುತ್ತಾರೆ. ಆ ಜಾಗಕ್ಕೆ ಕಾಗದಪತ್ರವೇನೂ ಇರಲಿಲ್ಲ. ಸ್ಟೌವ್ ಉರಿಯುವಷ್ಟು ದಿನ ಅದು ಅವಳದು.

ನಮ್ಮ ಅಂಗಡಿಯ ಮುಂದೆ ಹೆಂಗಸರು ತಾವು ನಿಲ್ಲುವ ಬದಲು ಡಬ್ಬಗಳನ್ನು ಸಾಲಿಗಿಟ್ಟು, ಹಿಡಿಗಳಿಗೆಲ್ಲ ಒಂದೇ ಹಗ್ಗ ಪೋಣಿಸಿ ಮನೆಗೆಲಸಕ್ಕೆ ಹೋಗುತ್ತಿದ್ದರು. ಅಕ್ಕನ ಡಬ್ಬ ಮೂರನೆಯದು. ಅವಳಿಗೆ ಓದು ಬರುತ್ತಿರಲಿಲ್ಲ. ಹಲಗೆ ತೋರಿಸಿ ಕೇಳಿದಳು.

"ಏನ್ಲಾ ಅದು ಬರ್ದಿರೋದು?"

"ಸ್ಟಾಕ್ ಇಲ್ಲ ಅಂತ ಅಕ್ಕ."

"ಒಂದ್ ಲೀಟ್ರೂ ಇಲ್ವಾ?"

"ಎಲ್ಲೋ ಮರಳುಗಾಡಲ್ಲಿ ರಾಜ್ರು ರಾಜ್ರು ಜಗಳ ಆಡ್ಕಂಡವ್ರೆ. ಹಡಗು ಬಂದಿಲ್ಲ."

"ಅಯ್ಯೋ ಪಾಪ," ಎಂದಳು. ರಾಜರಿಗಾಗಿ.

ಊರಿಗೆಲ್ಲ ಹಲಗೆ ಸುಳ್ಳು ಹೇಳಿತು. ಅವಳಿಗೆ ಮಾತ್ರ ನಾನು ಬಾಯಲ್ಲಿ ಹೇಳಬೇಕಾಯಿತು.

ಮಧ್ಯಾಹ್ನ ಯಜಮಾನರ ಬಳಿ ತಲೆ ಕೆರೆದುಕೊಂಡು ನಿಂತೆ. "ನಮ್ಮಕ್ಕನಿಗೆ ಒಂದ್ ಡಬ್ಬ..."

ಅವರು ನಕ್ಕರು. "ದಡ್ಡ ಕಣ್ಲಾ ನೀನು. ಊರೋರು ನನ್ನ ಮಾತು ನಂಬ್ತಾರಾ? ನಿನ್ ಅಕ್ಕನ ಡಬ್ಬ ಖಾಲಿ ಐತಲ್ಲ, ಅದ್ನ ನೋಡಿ ನಂಬ್ತಾರೆ. ಅಂಗೇ ಇರ್ಲಿ ಬುಡು."

ಅಷ್ಟು ದೊಡ್ಡ ಅರ್ಥಶಾಸ್ತ್ರ ನಾನು ಮತ್ತೆಲ್ಲೂ ಕೇಳಿಲ್ಲ. ಒಪ್ಪಿಕೊಂಡೆ. ಸಂಜೆಗೆ ಕೊಟ್ಟಿಗೆಯ ಬೀಗದ ಕೈ ನನ್ನ ಉಡಿದಾರಕ್ಕೆ ಬಂತು. ನಂಬಿಕಸ್ಥ ಎನಿಸಿಕೊಂಡೆ.

ಮಾರನೆಯ ದಿನ ಸಾಲಿನಲ್ಲಿ ಗಲಾಟೆಯಾಯಿತು. ಒಬ್ಬ ಹೆಂಗಸು ಕೂಗಿದಳು. "ಕೊಟ್ಟಿಗೇಲಿ ಡ್ರಮ್ಮು ಬಚ್ಚಿಟ್ಟವ್ರಂತೆ! ಬೇಕೂಂತ್ಲೇ ರೇಟು ಏರಿಸ್ತಾವ್ರೆ!"

ನನ್ನ ಪರವಾಗಿ ಎದ್ದು ನಿಂತವಳು ಅಕ್ಕ. ಡಬ್ಬ ತಲೆಕೆಳಗು ಮಾಡಿ ಎಲ್ಲರಿಗೂ ತೋರಿಸಿದಳು. "ನೋಡ್ರವ್ವ! ಇದ್ದಿದ್ರೆ ನಂದ್ಯಾಕೆ ಖಾಲಿ ಇರೋದು? ಒಡಹುಟ್ಟಿದೋಳ್ಗೆ ಕೊಡ್ದೆ ಇರ್ತಾನಾ ನನ್ ತಮ್ಮ?"

ಕೂಗಿದವಳೂ ಡಬ್ಬವನ್ನು ಸಾಲಿನಲ್ಲೇ ಬಿಟ್ಟು ಮನೆಗೆ ಹೊರಟಳು. ಯಜಮಾನರು ಹೇಳಿದ್ದು ಅಕ್ಷರಶಃ ನಿಜವಾಯಿತು. ನಾನು ಹಗ್ಗದ ಗಂಟು ಸರಿಮಾಡುವವನಂತೆ ತಲೆ ತಗ್ಗಿಸಿದೆ.

ಅಕ್ಕ ಹೊಟ್ಟಿನ ಒಲೆ ಹೂಡಿ ನೋಡಿದಳು. ಮರದ ಮಿಲ್ಲಿನ ಹೊಟ್ಟು ಹಸಿಯಾಗಿತ್ತು. ಹೊಗೆ ಗೇಟಿನೊಳಗೆ ಹೋಯಿತು. ವಾಚ್‌ಮನ್ ಒಲೆಗೆ ನೀರು ಸುರಿದು ಅವಳನ್ನು ಎಬ್ಬಿಸಿದ. ನಾಲ್ಕನೆಯ ದಿನ ಆ ಮರದಡಿ ಪಕ್ಕದ ರಸ್ತೆಯ ಹೋಟೆಲಿನವನು ಕೂತಿದ್ದ. ಅವನ ಸ್ಟೌವ್ ನೀಲಿಯಾಗಿ ಉರಿಯುತ್ತಿತ್ತು. ಚೆನ್ನಾಗಿಯೇ ಉರಿಯಬೇಕು. ಎರಡು ಪಟ್ಟು ರೇಟಿಗೆ ಕೊಟ್ಟಿಗೆಯ ಹಿಂಬಾಗಿಲಲ್ಲಿ ಎಣ್ಣೆ ಅಳೆದುಕೊಟ್ಟು, ಸೈಕಲ್ಲಿಗೆ ಕಟ್ಟಿಕೊಟ್ಟವನು ನಾನು. ಯಾವ ಜಾಗಕ್ಕೆ ಎಂದು ಅವನು ಹೇಳಿದ್ದ. ನಾನು ಕೇಳಿಸಿಕೊಂಡಿದ್ದೆ.

ಮುಂದಿನ ವಾರ ರೇಟು ಏರಿತು. ಮರಳುಗಾಡಿನ ಹಡಗು ನಮ್ಮ ಕೊಟ್ಟಿಗೆಯಿಂದ ಬಂದು ತಲುಪಿತು. ಹಲಗೆ ಒರೆಸಿದೆ. ಅಕ್ಕನ ಡಬ್ಬ ತುಂಬಿಸಿದೆ, ಕೈ ತುಸು ಧಾರಾಳ ಮಾಡಿ. ಅಷ್ಟರಲ್ಲಿ ಅವಳಿಗೆ ಎಣ್ಣೆ ಬೇಕಿದ್ದದ್ದು ಮನೆಯ ದೀಪಕ್ಕೆ ಮಾತ್ರ. ಆಮೇಲೆ ಅವಳು ಇಪ್ಪತ್ತು ವರ್ಷ ಮಾಕಳಿಯ ಕಡೆ ಬೇರೆಯವರ ಮನೆಗಳಲ್ಲಿ ಪಾತ್ರೆ ತಿಕ್ಕಿದಳು.

ಈಗಲೂ ಪೆಟ್ರೋಲು ಏರಿದರೆ ಅವಳು, "ಎಲ್ಲೋ ಜಗಳ ಆಗ್ತೈತೆ ಅನ್ಸುತ್ತೆ," ಎನ್ನುತ್ತಾಳೆ. ನಾನು ಕಲಿಸಿದ ಪಾಠ, ಇನ್ನೂ ಮರೆತಿಲ್ಲ.

ಇಷ್ಟನ್ನೂ ಬರೆದಿದ್ದು ಅವಳ ಮನೆಯ ಜಗಲಿಯಲ್ಲೇ. ಓದಲು ಬಾರದವಳ ಎದುರು ಕೂತು ತಪ್ಪೊಪ್ಪಿಗೆ ಬರೆಯುವುದಕ್ಕೆ ಭಾರಿ ಧೈರ್ಯವೇನೂ ಬೇಕಾಗಿಲ್ಲ. ಕಾಫಿ ತಂದಿಟ್ಟು ಕಾಗದ ನೋಡಿದಳು.

"ಏನ್ಲಾ ಅದು ಬರ್ದಿರೋದು?"

ಬಾಯಲ್ಲಿ ಹೇಳಬೇಕಾದ ಸಮಯ ಮತ್ತೊಮ್ಮೆ ಬಂದಿತ್ತು.

"ಏನೂ ಇಲ್ಲ ಅಕ್ಕ," ಎಂದೆ.