ಪಕ್ಕದ ಮನೆಯ ಮೋಟಾರು

ಬೆಳಗಿನ ಚಹಾ ಗಂಟಲಲ್ಲಿ ಇಳಿಯಬೇಕಾದರೆ ಗುಂಡೇರಾಯರಿಗೆ ಪಕ್ಕದ ಮನೆಯ ವಕೀಲ ಬಿಂದಾಚಾರ್ಯರ ಹಳೇ ಮೋಟಾರಿನಲ್ಲಿ ಒಂದಾದರೂ ಹುಳುಕು ಸಿಗಬೇಕು. ತನ್ನ ದೇಶಕ್ಕೆ ಹೊರಟ ಬಿಳಿ ಸಾಹೇಬನೊಬ್ಬನಿಂದ ವಕೀಲರು ಅದನ್ನು ಕೊಂಡು ತಂದ ದಿನದಿಂದ ರಾಯರಿಗೆ ಸರಿಯಾಗಿ ನಿದ್ದೆಯಿಲ್ಲ. ಮೋಟುಗೋಡೆಗೆ ಒರಗಿ, ನಶ್ಯ ಏರಿಸಿ, “ಬಣ್ಣ ಹೋಗ್ಯದ”, “ಹಾರ್ನು ಕತ್ತೆ ಒದರಿದಂಗ ಅದ” ಎನ್ನುವರು; ಅದರಲ್ಲಿ ಮಾನ್ವಿಗೆ ಹೋಗಿಬಂದ ಗೆಳೆಯರನ್ನು ಮಾತಾಡಿಸುವುದನ್ನೇ ಬಿಟ್ಟಿದ್ದರು. ಈಗ ವಕೀಲರು ಅಂಗಳದಲ್ಲೇ ಬಾನೆಟ್ಟು ಎತ್ತಿ, ಚಳಿಗಾಲಕ್ಕೆಂದು ಒಳಗೆ ಬಿಸಿಗಾಳಿ ಬಿಡುವ ಹೀಟರಿನ ಸೋರುವ ಕೊಳವೆ ಬದಲಿಸುತ್ತಿದ್ದರು. “ರಾಯಚೂರಿನ ಬಿಸಿಲಾಗ ಹೀಟರೇನ್ರೀ? ಒಲಿಗೆ ಕಂಬಳಿ ಹೊಚ್ಚಿದಂಗಾತು!” ಎಂದು ರಾಯರು ಓಣಿಗೆಲ್ಲ ಕೇಳುವಂತೆ ನಕ್ಕರು. ವಕೀಲರು ಎಂಜಿನ್ ಚಾಲೂ ಮಾಡಿ, ಮಸಿಗೈ ಒರೆಸಿಕೊಳ್ಳುತ್ತ, “ಬರ್ರಿ ರಾಯರ, ಒಳಗ ಕೂತು ಬಿಸಿ ಬರ್ತದೇನು ನೋಡಿ ಹೇಳ್ರಿ” ಎಂದರು. ಇಷ್ಟು ದಿನ ಯಾರೂ ಅವರನ್ನು ಆ ಮೋಟಾರು ಹತ್ತಲು ಕರೆದಿರಲಿಲ್ಲ. ರಾಯರು ಚಪ್ಪಲಿ ಹೊರಗೇ ಬಿಟ್ಟು ಹತ್ತಿ, ಮೆತ್ತನೆಯ ಸೀಟಿಗೆ ಒರಗಿ, ಬಾಗಿಲನ್ನು ತಾವೇ ಎಳೆದುಕೊಂಡರು. ಎಂಜಿನ್ ಕಾದಂತೆ ಕುಲುಮೆಯಂಥ ಗಾಳಿ ಮುಖಕ್ಕೆ ನುಗ್ಗಿತು. ಟೊಪ್ಪಿಗೆಯೊಳಗಿಂದ ಬೆವರು ಇಳಿದು ಗಂಧದ ಮುದ್ರೆಯೆಲ್ಲ ಕರಗಿತು. “ಬಂತೇನ್ರೀ ಬಿಸಿ?” ಎಂದು ವಕೀಲರು ಕೂಗಿದರು. “ಏನೂ ಬರವಲ್ದ್ರೀ,” ಎಂದರು ರಾಯರು, ಸೀಟನ್ನು ಮೆಲ್ಲಗೆ ಸವರುತ್ತ, “ಇನ್ನಷ್ಟು ಹೊತ್ತು ಕೂತು ನೋಡ್ತೀನಿ.”