ಶನಿವಾರದ ಕಂಪ್ಯೂಟರ್ ಕ್ಲಾಸು

ಆ ಶನಿವಾರ ಬ್ಯಾಡಗಿಯ ನಮ್ಮ ಶಾಲೆಯಲ್ಲಿ ನಾನು ಎಂದಿನಂತೆ ಏಳನೆಯ ತರಗತಿಗೆ ಕಂಪ್ಯೂಟರ್ ಕಲಿಸುತ್ತಿದ್ದೆ. ಅಲ್ಲೇ ಕನ್ನಡ ಕಲಿಸುತ್ತಿದ್ದ ನನ್ನ ಹೆಂಡತಿ ಬಸ್ ಕಂಡಕ್ಟರೊಬ್ಬರನ್ನು ಕರೆತಂದಿದ್ದಳು. ವಾರಕ್ಕೊಮ್ಮೆ ಊರಲ್ಲಿ ದುಡಿಯುವ ಒಬ್ಬರನ್ನು ಮಕ್ಕಳ ಮುಂದೆ ಕೂರಿಸಿ, ಅವರ ಕೆಲಸದ ಬಗ್ಗೆ ಮಾತನಾಡಿಸುವುದು ಅವಳ ರೂಢಿ. ಕೇಳಿದ್ದನ್ನು ಮಕ್ಕಳು ಟೈಪ್ ಮಾಡುತ್ತಿದ್ದರು.

"ಮುಂದಿನ ವಾರ ನಿಮ್ಮವ್ವನ್ನ ಕರ್ಕೊಂಡ್ ಬಾ," ಎಂದು ಹಿಂದಿನ ಸಾಲಿನ ಹುಡುಗಿಗೆ ಹೇಳಿದಳು.

"ಬ್ಯಾಡ್ರಿ ಟೀಚರ್. ನಮ್ಮವ್ವ ಮೆಣಸಿನಕಾಯಿ ತೊಟ್ಟು ಮುರಿಯಾಕ ಹೋಗ್ತಾಳ್ರಿ. ಎಲ್ಲಾರೂ ನಗ್ತಾರ."

"ಯಾರ್ ನಗ್ತಾರ? ಒಂದ್ ತಾಸು ತೊಟ್ಟು ಮುರದು ಕಣ್ಣು ತಿಕ್ಕೊಳ್ಳಲಿ, ಆಮ್ಯಾಲ ನಗ್ಲಿ!"

ಹುಡುಗಿ ತಾನೇ ನಕ್ಕು ಒಪ್ಪಿಕೊಂಡಳು.

ಮರುದಿನ ಬೆಳಿಗ್ಗೆ ಎದೆನೋವೆಂದ ನನ್ನ ಹೆಂಡತಿ ಹಾವೇರಿಯ ಆಸ್ಪತ್ರೆಯನ್ನು ಜೀವಂತವಾಗಿ ತಲುಪಲಿಲ್ಲ.

ತಿಂಗಳ ನಂತರ ಆ ಹುಡುಗಿ ತಾಯಿಯನ್ನು ಕರೆತಂದಳು. ಅವರು ಕುರ್ಚಿಯ ತುದಿಯಲ್ಲಿ ಕುಳಿತು, ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಮಕ್ಕಳು ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾದರು.

"ಕೆಲಸ ಹೆಂಗೈತ್ರಿ ಅಕ್ಕಾರ?" ಎಂದೆ.

"ಛಲೋ ಐತ್ರಿ ಸರ."

ಮುಂದೇನು ಕೇಳಬೇಕೋ ನನಗೆ ತೋಚಲಿಲ್ಲ. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಆ ತಾಯಿಯನ್ನು ಮಾತನಾಡಿಸಬೇಕಾದವಳು ಅಲ್ಲಿರಲಿಲ್ಲ.