ದ್ರಾಕ್ಷಿ ಸೀಮೆಯಲ್ಲಿ ಟ್ರೈನಿಂಗ್

ಸುಳ್ಳು ಹೇಳುವುದು ನನಗೆ ಇಷ್ಟವಿಲ್ಲ; ವಿವರಿಸಿ ಹೇಳುವುದು ಅದಕ್ಕಿಂತ ಕಷ್ಟ. ಹಾಗಾಗಿ ಫ್ರಾನ್ಸಿನ ದ್ರಾಕ್ಷಿ ಸೀಮೆಯಲ್ಲಿ ಐದು ದಿನ ಸೈಕಲ್ ತುಳಿಯಲು ಹೊರಟಾಗ, ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಅಣ್ಣನ ಮನೆಯಲ್ಲಿರುವ ಅಮ್ಮನಿಗೆ ‘ಆಫೀಸ್ ಟ್ರೈನಿಂಗ್’ ಎಂದುಬಿಟ್ಟೆ. ಒಬ್ಬಳೇ, ಸೈಕಲ್, ಅದೂ ವೈನ್ ತಯಾರಿಸುವ ಊರು. ಮೂರಕ್ಕೂ ಬೇರೆ ಬೇರೆ ಸಮಾಧಾನ ಹೇಳುವಷ್ಟು ಮಾತು ನನ್ನಲ್ಲಿರಲಿಲ್ಲ. ವಿಮಾನ ಅಬುಧಾಬಿಯಿಂದ ಇದ್ದುದರಿಂದ ಆ ಮನೆಯಿಂದಲೇ ಹೊರಟೆ.

ದುಬೈಯಲ್ಲಿ ಸೈಕಲ್ ಕಲಿತವರಿಗೆ ಒಂದು ಕೊರತೆಯಿದೆ: ನಮಗೆ ಏರು ಗೊತ್ತಿಲ್ಲ. ಡಿಸ್ಕವರಿ ಗಾರ್ಡನ್ಸಿನ ನನ್ನ ಫ್ಲಾಟಿನ ಸುತ್ತ ಇರುವ ಅತಿ ದೊಡ್ಡ ಬೆಟ್ಟವೆಂದರೆ ಸ್ಪೀಡ್ ಬ್ರೇಕರ್. ದ್ರಾಕ್ಷಿ ಸೀಮೆಯ ಹಳ್ಳಿಗಳೋ, ಏಳೆಂಟು ನೂರು ವರ್ಷಗಳ ಹಿಂದೆ ಶತ್ರು ಸುಲಭವಾಗಿ ಬರಬಾರದೆಂದು ಗುಡ್ಡದ ನೆತ್ತಿಯಲ್ಲಿ ಕಟ್ಟಿದವು. ಆ ಜಾಣತನ ನನ್ನ ಮೇಲೂ ಚೆನ್ನಾಗಿಯೇ ಕೆಲಸ ಮಾಡಿತು. ಕಲ್ಲು ಹಾಸಿದ ಓಣಿಗಳಲ್ಲಿ ಸೈಕಲ್ಲನ್ನು ತುಳಿದದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ವೈನನ್ನು ಒಂದು ಗುಟುಕು ಕುಡಿದೆ, ಹುಳಿ ಎನಿಸಿತು, ತಜ್ಞೆಯಂತೆ ತಲೆಯಾಡಿಸಿದೆ.

ಮೂರನೆಯ ದಿನ ಅಂಥದೊಂದು ಹಳ್ಳಿಯಲ್ಲಿ ಪುಟ್ಟ ಸಂಗ್ರಹಾಲಯ ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ ಸುತ್ತಲಿನ ತೋಟಗಳೇ ರಣಭೂಮಿಯಾಗಿದ್ದವಂತೆ. ಬಳ್ಳಿಗಳ ಸಾಲಿನ ನಡುವೆಯೇ ಕಂದಕ ತೋಡಿದ್ದರಂತೆ. ಗಾಜಿನ ಪೆಟ್ಟಿಗೆಯಲ್ಲಿ ಸೈನಿಕರು ಮನೆಗೆ ಬರೆದ ಕಾಗದಗಳು, ಕೆಳಗೆ ಇಂಗ್ಲಿಷ್ ಅನುವಾದ. ಗುಂಡು, ಕೆಸರು, ಭಯ ಒಂದರಲ್ಲೂ ಇರಲಿಲ್ಲ. ಚೆನ್ನಾಗಿದ್ದೇನೆ, ಊಟ ಸರಿಯಾಗಿದೆ, ಚಿಂತೆ ಬೇಡ. ಅಂದು ಬೆಳಿಗ್ಗೆ ನಾನು ಅಮ್ಮನಿಗೆ ಕಳಿಸಿದ್ದೂ ಅದನ್ನೇ. ಆ ಸೈನಿಕರಿಗೆ ಹೇಳದಿರಲು ಒಂದು ಯುದ್ಧವಾದರೂ ಇತ್ತು; ನನಗಿದ್ದದ್ದು ಸಂಕೋಚ ಮಾತ್ರ. ಇನ್ನು ಈ ಸುಳ್ಳನ್ನು ಇಟ್ಟುಕೊಳ್ಳಲಾರೆ ಅನಿಸಿತು.

ಮರಳಿದ ಭಾನುವಾರ ಖಲೀಫಾ ಸಿಟಿಗೆ ಹೋದೆ. ಅಮ್ಮ ಅಡುಗೆಮನೆಯಲ್ಲಿ ಬಂಗುಡೆ ಶುಚಿ ಮಾಡುತ್ತಿದ್ದರು. ಅವರು ನನ್ನ ಮುಖ ನೋಡದ ಹೊತ್ತೇ ಅನುಕೂಲವೆಂದು, “ಅಮ್ಮ, ಅದು ಟ್ರೈನಿಂಗ್ ಅಲ್ಲ. ಸೈಕಲ್ ಬಿಡ್ಲಿಕ್ಕೆ ಹೋದದ್ದು” ಎಂದೆ.

ಚೂರಿ ನಿಲ್ಲಲಿಲ್ಲ. “ಗೊತ್ತುಂಟು. ನಿನ್ನ ಬ್ಯಾಗಿಗೆ ಚಕ್ಕುಲಿ ಹಾಕುವಾಗ ಹೆಲ್ಮೆಟ್ ಸಿಕ್ಕಿತಲ್ಲ. ಎಂತ ಟ್ರೈನಿಂಗ್ ಮಾರಾಯ್ತಿ, ಬಾಸ್ ಹೊಡೀತಾನಾ?”

“ಮತ್ತೆ ಕೇಳ್ಲಿಲ್ಲ ಯಾಕೆ?”

“ನೀನಾಗಿ ಹೇಳ್ತಿಯಾ ಅಂತ ನೋಡಿದೆ.” ಆಮೇಲೆ ಚೂರಿ ಕೆಳಗಿಟ್ಟರು. “ಬಿದ್ದಿಯಾ?”

“ಎರಡು ಸಲ.”

“ಎಲ್ಲಿ, ತೋರಿಸು.”

ಮೊಣಕೈ ತೋರಿಸಿದೆ. ಮೀನಿನ ಕೈಯಲ್ಲಿ ಮುಟ್ಟದೆ, ಬಗ್ಗಿ ನೋಡಿ, “ಒಣಗಿದೆ” ಎಂದರು. ಹೇಳದೆ ಇರುವವರಿಗಿಂತ ಕೇಳದೆ ಇರುವವರಿಗೆ ಹೆಚ್ಚು ತಾಳ್ಮೆ ಬೇಕೆಂದು ಆಗ ತೋಚಿತು. ಇನ್ನೂ ಆರು ಬಂಗುಡೆ ಉಳಿದಿದ್ದವು. ಸ್ಟೂಲ್ ಎಳೆದುಕೊಂಡು ಮೊದಲ ದಿನದಿಂದ ಶುರು ಮಾಡಿದೆ.